ಒಂದೇ ಹೆಸರಿನ ಎರಡು ಪರ್ಫ್ಯೂಮ್: ‘ಲೈಟ್’ ಎಂದರೆ ನೀರು ಬೆರೆಸಿದ್ದೇ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಗಲ್ಫ್‌ನಲ್ಲಿ ಇರುತ್ತಾರೆ. ರಜೆಗೆ ಬರುವಾಗ ಅವರ ಸೂಟ್‌ಕೇಸ್‌ನಲ್ಲಿ ಪರ್ಫ್ಯೂಮ್ ಇದ್ದೇ ಇರುತ್ತದೆ. ಅಕ್ಕನಿಗೆ ತಂದದ್ದರ ಪರಿಮಳ ಗಾಢ, ಸಂಜೆವರೆಗೂ ಇರುತ್ತದೆ. ಅದೇ ಹೆಸರಿನ ಇನ್ನೊಂದು ಬಾಟಲಿ ತಂಗಿಗೆ ಸಿಕ್ಕಿದೆ. ಅದು ತೆಳು, ಸಿಹಿ, ಹೂವಿನ ಹಾಗೆ. ಆದರೆ ಮಧ್ಯಾಹ್ನಕ್ಕೇ ಮಾಯ. ತಕ್ಷಣ ಮಾತು ಶುರು: “ಇದು ಡುಪ್ಲಿಕೇಟ್”, “ನೀರು ಬೆರೆಸಿದ್ದಾರೆ”. ತಂದುಕೊಟ್ಟವರಿಗೂ ಬೇಸರ, ತೆಗೆದುಕೊಂಡವರಿಗೂ ಅನುಮಾನ.

ಚುಟುಕಾಗಿ ಉತ್ತರ: ಪರಿಮಳ ತೆಳುವಾಗಿದೆ ಎಂಬ ಒಂದೇ ಕಾರಣಕ್ಕೆ ಅದು ನಕಲಿ ಅಲ್ಲ. ಹೆಸರಾಂತ ಕಂಪನಿಗಳೇ ಒಂದು ಪರ್ಫ್ಯೂಮ್‌ನ ಹಗುರ ರೂಪವನ್ನು ಬೇರೆಯಾಗಿ ತಯಾರಿಸಿ ಮಾರುತ್ತವೆ.

ಬಾಟಲಿ ಮೇಲೆ ‘ಟಾಯ್ಲೆಟ್’ ಏಕೆ?

‘ಓ ಡಿ ಟಾಯ್ಲೆಟ್’ ಎಂದು ಓದಿ, ಇದು ಬಾತ್‌ರೂಮಿಗೆ ಹೊಡೆಯುವ ಸ್ಪ್ರೇ ಎಂದು ತಿಳಿದವರಿದ್ದಾರೆ. ಹಾಗಲ್ಲ. ಫ್ರೆಂಚ್‌ನಲ್ಲಿ ಆ ಪದಕ್ಕೆ ಮೈ ತೊಳೆದು ಅಲಂಕಾರ ಮಾಡಿಕೊಳ್ಳುವುದು ಎಂಬ ಅರ್ಥವಿದೆ. ಈ ಹೆಸರುಗಳು ಸುಗಂಧ ತೈಲದ ಪ್ರಮಾಣವನ್ನು ಸೂಚಿಸುತ್ತವೆ. ‘ಓ ಡಿ ಪರ್ಫ್ಯೂಮ್’ನಲ್ಲಿ ಸಾಮಾನ್ಯವಾಗಿ ಶೇ. 15ರಿಂದ 20ರಷ್ಟು, ‘ಓ ಡಿ ಟಾಯ್ಲೆಟ್’ನಲ್ಲಿ ಶೇ. 5ರಿಂದ 15ರಷ್ಟು, ‘ಕೊಲೋನ್’ನಲ್ಲಿ ಅದಕ್ಕಿಂತ ಕಡಿಮೆ ಇರುತ್ತದೆ. ಉಳಿದದ್ದು ಬಹುಪಾಲು ಆಲ್ಕೋಹಾಲ್, ಸ್ವಲ್ಪ ನೀರು. ಅಂದರೆ ನೀರು ಅಸಲಿಯಲ್ಲೂ ಇರುತ್ತದೆ. ಈ ಅಂಕಿಗಳು ರೂಢಿಯ ಲೆಕ್ಕ; ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ.

ಬರೀ ತೆಳು ಮಾಡಿದ್ದಲ್ಲ, ಪಾಕವೇ ಬೇರೆ

ಕ್ರಿಶ್ಚಿಯನ್ ಡಿಯೋರ್ ಕಂಪನಿಯ ‘ಮಿಸ್ ಡಿಯೋರ್’ ಬಂದದ್ದು 1947ರಲ್ಲಿ. ಅದರ ತಳದಲ್ಲಿದ್ದದ್ದು ಓಕ್‌ಮಾಸ್. ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ಕುಟುಂಬಕ್ಕೇ ಸೇರಿದ ಇದರದ್ದು ಒದ್ದೆ ಕಾಡಿನ ಗಾಢ ವಾಸನೆ. ಈಗ ಅದೇ ಹೆಸರಿನಲ್ಲಿ ಸಿಗುವ ‘ಬ್ಲೂಮಿಂಗ್ ಬೊಕೆ’ ಹಗುರ, ಸಿಹಿ, ಹೂವಿನ ಪರಿಮಳದ ಓ ಡಿ ಟಾಯ್ಲೆಟ್. ಗುಲಾಬಿ, ಪಿಯೋನಿ ಹೂವು, ಬಿಳಿ ಕಸ್ತೂರಿಯ ಛಾಯೆ ಅದರದ್ದು. ಪಿಯೋನಿ ಹೂವಿನಿಂದ ಪರಿಮಳದ ತೈಲ ತೆಗೆಯಲು ಆಗುವುದಿಲ್ಲವಾದ್ದರಿಂದ ಅದನ್ನು ಲ್ಯಾಬ್‌ನಲ್ಲಿ ಜೋಡಿಸುತ್ತಾರೆ. 1921ರ ‘ಶನೆಲ್ ನಂಬರ್ 5’ಕ್ಕೂ 2016ರಲ್ಲಿ ‘ಲೋ’ ಎಂಬ ಹಗುರ ರೂಪ ಬಂತು. ಒಂದೇ ಮನೆತನದ ಹೆಸರು, ಆದರೆ ಸ್ವಭಾವ ಬೇರೆ.

ಮಲ್ಲಿಗೆಯಲ್ಲೇ ಇದರ ಗುಟ್ಟಿದೆ

ಇದನ್ನು ತಿಳಿಯಲು ದೂರ ಹೋಗಬೇಕಿಲ್ಲ. ಜಿಐ ಮಾನ್ಯತೆ ಪಡೆದ ಉಡುಪಿ ಮಲ್ಲಿಗೆಯನ್ನು, ನಾವು ಶಂಕರಪುರ ಮಲ್ಲಿಗೆ ಎಂದು ಕರೆಯುವುದನ್ನು, ಈ ಮೂರೂ ಕಡೆಯ ಮನೆಯಂಗಳಗಳಲ್ಲಿ ಬೆಳೆಯುತ್ತಾರೆ. ಬೆಳಿಗ್ಗೆ ಕೊಯ್ದ ಮೊಗ್ಗಿಗೆ ಹೆಚ್ಚು ವಾಸನೆಯಿಲ್ಲ. ಸಂಜೆ ಅರಳಿದಾಗ ಘಮ್ಮೆನ್ನುತ್ತದೆ. ಮಲ್ಲಿಗೆಯ ಹಗುರ, ಹಣ್ಣಿನಂಥ ಸಿಹಿಗೆ ಮುಖ್ಯ ಕಾರಣ ಬೆಂಜೈಲ್ ಅಸಿಟೇಟ್. ಅದು ಬೇಗ ಆವಿಯಾಗುತ್ತದೆ. ತಲೆ ಭಾರವೆನಿಸುವ ಗಾಢತೆ ಇಂಡೋಲ್‌ನದ್ದು. ಇಂಡೋಲ್ ಹೆಚ್ಚಾದರೆ ಅದೇ ದುರ್ವಾಸನೆ. ಮಲದ ವಾಸನೆಯಲ್ಲೂ ಇಂಡೋಲ್ ಇದೆ! ಹಗುರ ರೂಪ ಮಾಡುವವರು ಇಂಥ ಭಾರದ ಅಂಶಗಳನ್ನು ತಗ್ಗಿಸಿ, ಬೇಗ ಹಾರುವ ಸಿಹಿ ಅಂಶಗಳನ್ನು ಮುಂದೆ ತರುತ್ತಾರೆ. ಆದ್ದರಿಂದ ಪರಿಮಳ ತಾಜಾ, ಆಯುಷ್ಯ ಕಡಿಮೆ.

ನಮ್ಮ ಊರಿನ ಸೆಕೆಯೂ ಸೇರುತ್ತದೆ. ಮೈ ಬಿಸಿಯಾದಷ್ಟೂ ಪರಿಮಳ ಬೇಗ ಆವಿಯಾಗುತ್ತದೆ. ಬೆವರು ಒರೆಸಿದಾಗ ಉಳಿದದ್ದೂ ಹೋಗುತ್ತದೆ. ಜತೆಗೆ ಮೂಗು ಒಗ್ಗಿಹೋಗುತ್ತದೆ. ಮಲ್ಲಿಗೆ ಮುಡಿದವರಿಗೆ ಸ್ವಲ್ಪ ಹೊತ್ತಿನಲ್ಲಿ ಅದರ ಘಮ ತಿಳಿಯುವುದಿಲ್ಲ, ಬಸ್ಸಿನಲ್ಲಿ ಹಿಂದಿನ ಸೀಟಿನವರಿಗೆ ತಿಳಿಯುತ್ತದೆ. ‘ಹೋಯಿತು’ ಎಂದು ಮತ್ತೆ ಮತ್ತೆ ಹೊಡೆದುಕೊಳ್ಳುವ ಮೊದಲು ಪಕ್ಕದವರನ್ನು ಕೇಳಿ.

ಮನೆ ಪರೀಕ್ಷೆಗಳು ನಂಬಿಕೆಗೆ ಅರ್ಹವೇ?

• “ಬಾಟಲಿ ಅಲುಗಾಡಿಸಿ, ಗುಳ್ಳೆ ಹೆಚ್ಚು ಹೊತ್ತು ನಿಂತರೆ ಅಸಲಿ.” ಗುಳ್ಳೆ ನಿಲ್ಲುವುದು ಮಿಶ್ರಣವನ್ನು ಅವಲಂಬಿಸಿದೆ. ನಕಲಿಯಲ್ಲೂ ಗುಳ್ಳೆ ಬರಬಹುದು.
• “ಬಣ್ಣ ಬದಲಾದರೆ ಮೋಸ.” ವೆನಿಲಾದ ವೆನಿಲಿನ್ ಮತ್ತು ಇಂಡೋಲ್ ಕಾಲಕ್ರಮೇಣ ಕಂದಾಗುತ್ತವೆ. ಅಸಲಿಯಲ್ಲೂ ಹೀಗಾಗುತ್ತದೆ, ಬಿಸಿಲು ತಾಗಿದರೆ ಇನ್ನೂ ಬೇಗ.
• “ಕುತ್ತಿಗೆಗೆ ಹೊಡೆದರೆ ಥೈರಾಯ್ಡ್ ಬರುತ್ತದೆ.” ಇದಕ್ಕೆ ಆಧಾರವಿಲ್ಲ. ಸುಗಂಧ ವಸ್ತುಗಳಲ್ಲಿ ಬಳಸುವ ಕೆಲವು ಥಾಲೇಟ್‌ಗಳು ಹಾರ್ಮೋನುಗಳ ಮೇಲೆ ಏನು ಮಾಡುತ್ತವೆ ಎಂಬ ಸಂಶೋಧನೆ ನಡೆಯುತ್ತಿರುವುದು ನಿಜ. ಆದರೆ ಚರ್ಮ ಹೀರಿದ್ದು ರಕ್ತಕ್ಕೆ ಸೇರುತ್ತದೆ. ಕುತ್ತಿಗೆಗೆ ಹಾಕಿದ್ದು ನೇರ ಥೈರಾಯ್ಡ್ ಗ್ರಂಥಿಗೆ ಇಳಿಯುತ್ತದೆ ಎಂಬುದು ಕಲ್ಪನೆ.

ನಿಜವಾಗಿ ಎಚ್ಚರ ಬೇಕಾದದ್ದು

‘ಲೈಟ್’ ಎಂದರೆ ಅಲರ್ಜಿ ಆಗುವುದಿಲ್ಲ ಎಂದಲ್ಲ. ಲಿನಲೂಲ್, ಲಿಮೊನೀನ್‌ನಂಥ ವಸ್ತುಗಳು ಗಾಳಿ ತಾಗಿ ಹಳತಾದಾಗ ಕೆಲವರಿಗೆ ತುರಿಕೆ, ಕೆಂಪು ದದ್ದು ತರುತ್ತವೆ. ಹೊಸ ಬಾಟಲಿಯಾದರೆ ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ, ಒಂದೆರಡು ದಿನ ನೋಡಿ. ದದ್ದು ಬಂದರೆ ನಿಲ್ಲಿಸಿ, ಚರ್ಮದ ಡಾಕ್ಟರಿಗೆ ತೋರಿಸಿ. ಮನೆಯಲ್ಲಿ ಆಸ್ತಮಾ ಅಥವಾ ಮೈಗ್ರೇನ್ ಇರುವವರಿದ್ದರೆ ಕೋಣೆ ಮುಚ್ಚಿಕೊಂಡು ಹೊಡೆಯಬೇಡಿ. ಆಲ್ಕೋಹಾಲ್ ಹೊತ್ತಿಕೊಳ್ಳುವ ವಸ್ತು; ದೇವರ ದೀಪ, ಗ್ಯಾಸ್ ಒಲೆಯ ಹತ್ತಿರ ಬೇಡವೇ ಬೇಡ.

ನಕಲಿ ಮಾಲು ಇರುವುದೂ ಸುಳ್ಳಲ್ಲ. ಅದರೊಳಗೆ ಏನಿದೆ ಎಂದು ಮೂಸಿ ಹೇಳಲಾಗದು ಎಂಬುದೇ ಅದರ ದೊಡ್ಡ ಅಪಾಯ. ಹೀಗೆ ನೋಡಿ:

• ಪೆಟ್ಟಿಗೆಯ ಮೇಲಿನ ಬ್ಯಾಚ್ ಸಂಖ್ಯೆ, ಬಾಟಲಿಯ ತಳದ ಸಂಖ್ಯೆ ಒಂದೇ ಇದೆಯೇ?
• ಪೂರ್ತಿ ಹೆಸರು ಓದಿ. ಮುಖ್ಯ ಹೆಸರಿನ ಕೆಳಗಿನ ಸಣ್ಣ ಅಕ್ಷರದಲ್ಲೇ ಅದು ಯಾವ ರೂಪ ಎಂದು ಇರುತ್ತದೆ.
• ಇಲ್ಲಿನ ಅಂಗಡಿಯಲ್ಲಿ ಕೊಂಡ ವಿದೇಶಿ ಬಾಟಲಿಯ ಮೇಲೆ ಆಮದುದಾರರ ಹೆಸರು, ವಿಳಾಸ, ನೋಂದಣಿ ಸಂಖ್ಯೆ, ಎಂಆರ್‌ಪಿ ಇರಬೇಕು. ಗಲ್ಫ್‌ನಿಂದ ಕೈಯಲ್ಲಿ ತಂದದ್ದಕ್ಕೆ ಈ ಲೇಬಲ್ ಇರುವುದಿಲ್ಲ. ಅಷ್ಟಕ್ಕೇ ಅದು ನಕಲಿ ಅಲ್ಲ.
• ಬಿಲ್ ಇಟ್ಟುಕೊಳ್ಳಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಒಟ್ಟಿನಲ್ಲಿ

“ತೆಳು ಪರಿಮಳ ಎಂದರೆ ನೀರು ಬೆರೆಸಿದ ಡುಪ್ಲಿಕೇಟ್” ಎಂಬುದು ತಪ್ಪು. ಹಗುರ ರೂಪ ಬೇರೆಯೇ ಪಾಕ, ಬೇಗ ಹೋಗುವುದು ಅದರ ಗುಣ. ಅಸಲಿಯೋ ನಕಲಿಯೋ ಎಂಬುದನ್ನು ಲೇಬಲ್, ಬ್ಯಾಚ್ ಸಂಖ್ಯೆ, ಬಿಲ್ ನೋಡಿ ತೀರ್ಮಾನಿಸಿ. ಪ್ರೀತಿಯಿಂದ ತಂದುಕೊಟ್ಟವರನ್ನು ಅನುಮಾನಿಸುವ ಮೊದಲು ಬಾಟಲಿಯ ಸಣ್ಣಕ್ಷರ ಓದಿ.