ಮೂತ್ರದಲ್ಲಿ ಕ್ಯಾನ್ಸರ್‌ನ ಸುಳಿವು: ಎಷ್ಟರ ಮಟ್ಟಿಗೆ ನಂಬಬಹುದು?

ಹನೂರು ತಾಲ್ಲೂಕಿನ ಅಜ್ಜೀಪುರದಂತಹ ಊರಿನಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ತಪಾಸಣೆಗೆಂದು ಹೋಗಿಬರುವುದು ಕೂಲಿ, ಬಸ್ಸು, ವಸತಿ ಎಲ್ಲವನ್ನೂ ಲೆಕ್ಕ ಹಾಕಬೇಕಾದ ಕೆಲಸ. ಊರಿನಲ್ಲಿಯೇ ಒಂದು ಶೀಶೆ ಮೂತ್ರ ಕೊಟ್ಟು ರೋಗದ ಸುಳಿವು ಪಡೆಯುವಂತಿದ್ದರೆ ಎಷ್ಟು ಅನುಕೂಲ! ವಿಜ್ಞಾನಿಗಳು ಬಹುಕಾಲದಿಂದ ಈ ದಾರಿಯನ್ನು ಹುಡುಕುತ್ತಿದ್ದಾರೆ.

ದೇಹದ ಜೀವಕೋಶಗಳು ಆಹಾರವನ್ನು ಬಳಸಿಕೊಂಡ ನಂತರ ಉಳಿಯುವ ಸಣ್ಣ ರಾಸಾಯನಿಕಗಳಿಗೆ ಚಯಾಪಚಯ ವಸ್ತುಗಳೆಂದು ಹೆಸರು. ಇವುಗಳಲ್ಲಿ ಅನೇಕವು ಮೂತ್ರಪಿಂಡಗಳ ಮೂಲಕ ಹೊರಬೀಳುತ್ತವೆ. ಕ್ಯಾನ್ಸರ್ ಕೋಶಗಳ ಚಯಾಪಚಯ ಬೇರೆ ರೀತಿಯದಾದ್ದರಿಂದ ಅದರ ಗುರುತು ಮೂತ್ರದಲ್ಲಿಯೂ ಕಾಣಬಹುದೆಂಬುದು ಈ ಶೋಧದ ತಳಹದಿ.

ಕೆಲವು ಪರೀಕ್ಷೆಗಳು ಈಗಾಗಲೇ ಬಳಕೆಯಲ್ಲಿವೆ. ಮಕ್ಕಳಲ್ಲಿ ಕಂಡುಬರುವ ನ್ಯೂರೋಬ್ಲಾಸ್ಟೋಮಾ ಗೆಡ್ಡೆಗೆ ವಿಎಂಎ ಮತ್ತು ಎಚ್‌ವಿಎ ಎಂಬ ಆಮ್ಲಗಳನ್ನು, ಕಾರ್ಸಿನಾಯ್ಡ್ ಗೆಡ್ಡೆಗೆ 5-ಎಚ್‌ಐಎಎ ಎಂಬ ವಸ್ತುವನ್ನು ಅಳೆಯುತ್ತಾರೆ. ಎರಡನೆಯದರಲ್ಲಿ ಆಹಾರದ ಪಥ್ಯವೂ ಉಂಟು: ಬಾಳೆಹಣ್ಣು, ಅನಾನಸ್ ತಿಂದವರಲ್ಲಿ ಗೆಡ್ಡೆಯಿಲ್ಲದಿದ್ದರೂ ಅದರ ಪ್ರಮಾಣ ಏರುತ್ತದೆ. ಆದ್ದರಿಂದ ಪರೀಕ್ಷೆಗೆ ಎರಡು-ಮೂರು ದಿನ ಮೊದಲೇ ಅವನ್ನು ಬಿಡಬೇಕು. ಸಾಮಾನ್ಯವಾಗಿ 24 ಗಂಟೆಗಳ ಮೂತ್ರವನ್ನು ಸಂಗ್ರಹಿಸಬೇಕು.

2009ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳ ಮೂತ್ರದಲ್ಲಿ ಸಾರ್ಕೋಸಿನ್ ಹೆಚ್ಚಿರುತ್ತದೆಂದು ವರದಿ ಮಾಡಿದಾಗ ಭಾರಿ ನಿರೀಕ್ಷೆ ಮೂಡಿತ್ತು. ನಂತರದ ಅಧ್ಯಯನಗಳಲ್ಲಿ ಫಲಿತಾಂಶ ಒಂದೇ ತೆರನಾಗಿ ಬರಲಿಲ್ಲ.

ಜಪಾನಿನ ಪಾಠ

ಸುಳಿವು ನಿಜವಾಗಿದ್ದರೂ ಲಾಭ ಖಚಿತವಲ್ಲ ಎಂಬುದಕ್ಕೆ ಜಪಾನ್ ಸಾಕ್ಷಿ. 1980ರ ದಶಕದಲ್ಲಿ ಅಲ್ಲಿ ಆರು ತಿಂಗಳ ಶಿಶುಗಳೆಲ್ಲರ ಮೂತ್ರವನ್ನು ಪರೀಕ್ಷಿಸಿ ನ್ಯೂರೋಬ್ಲಾಸ್ಟೋಮಾ ಪತ್ತೆ ಮಾಡುವ ಯೋಜನೆ ದೇಶದಾದ್ಯಂತ ಜಾರಿಗೆ ಬಂತು. ಹೆಚ್ಚು ಮಕ್ಕಳಲ್ಲಿ ಗೆಡ್ಡೆ ಪತ್ತೆಯಾಯಿತು. ಆದರೆ ಅವುಗಳಲ್ಲಿ ಹಲವು ತಾವಾಗಿಯೇ ಕರಗಿಹೋಗುವಂಥವು. ಕೆನಡಾ ಮತ್ತು ಜರ್ಮನಿಯಲ್ಲಿ ನಡೆದ, 2002ರಲ್ಲಿ ಪ್ರಕಟವಾದ ಅಧ್ಯಯನಗಳು ಇಂತಹ ಸಾಮೂಹಿಕ ತಪಾಸಣೆಯಿಂದ ಸಾವಿನ ಪ್ರಮಾಣ ಇಳಿಯಲಿಲ್ಲವೆಂದು ತೋರಿಸಿದವು. ಬೇಡದ ಶಸ್ತ್ರಚಿಕಿತ್ಸೆಯ ಕಷ್ಟ ಮಾತ್ರ ಕೆಲವು ಕುಟುಂಬಗಳ ಪಾಲಿಗೆ ಉಳಿಯಿತು. ಕೆಲವೇ ವರ್ಷಗಳಲ್ಲಿ ಜಪಾನ್ ಆ ಯೋಜನೆಯನ್ನು ನಿಲ್ಲಿಸಿತು. ರೋಗಲಕ್ಷಣವಿರುವ ಮಗುವಿಗೆ ಮಾತ್ರ ಇದೇ ಪರೀಕ್ಷೆ ಇಂದಿಗೂ ಅಮೂಲ್ಯ.

ನಮಗೇನು ಅನ್ವಯ?

ಎಲ್ಲ ಬಗೆಯ ಕ್ಯಾನ್ಸರನ್ನೂ ಒಂದೇ ಮೂತ್ರ ಪರೀಕ್ಷೆಯಿಂದ ಖಚಿತಪಡಿಸುತ್ತೇವೆಂಬ ಜಾಹೀರಾತುಗಳನ್ನು ನಂಬಬೇಕಾಗಿಲ್ಲ. ನಮ್ಮಲ್ಲಿ ಹೆಚ್ಚಾಗಿ ಕಾಣುವ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್‌ಗಳಿಗೆ ವೈದ್ಯರ ನೇರ ತಪಾಸಣೆಯೇ ಮೊದಲ ಹೆಜ್ಜೆ. ಖಚಿತ ನಿರ್ಣಯಕ್ಕೆ ಸಾಮಾನ್ಯವಾಗಿ ಅಂಗಾಂಶದ ಪರೀಕ್ಷೆ ಬೇಕೇ ಬೇಕು.

ಆದರೆ ಒಂದು ಸುಳಿವನ್ನು ಯಂತ್ರವಿಲ್ಲದೆ ಯಾರು ಬೇಕಾದರೂ ಕಾಣಬಹುದು: ಮೂತ್ರದಲ್ಲಿ ರಕ್ತ. ಕಲ್ಲು ಅಥವಾ ಸೋಂಕಿನಿಂದಲೂ ಹೀಗಾಗಬಹುದು. ನೋವಿಲ್ಲದೆ ಒಮ್ಮೆ ಕಾಣಿಸಿಕೊಂಡು ನಿಂತುಹೋದರೂ ಅದನ್ನು "ಉಷ್ಣ" ಎಂದು ತಳ್ಳಿಹಾಕಬಾರದು. ಅದು ಮೂತ್ರಕೋಶದ ಕ್ಯಾನ್ಸರ್‌ನ ಮೊದಲ ಲಕ್ಷಣವೂ ಆಗಿರಬಹುದು. ಕೊಳ್ಳೇಗಾಲದ ಸರ್ಕಾರಿ ಆಸ್ಪತ್ರೆಯಲ್ಲಾಗಲಿ, ಚಾಮರಾಜನಗರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಾಗಲಿ ತಡಮಾಡದೆ ತೋರಿಸಿಕೊಳ್ಳುವುದು ಒಳಿತು.