ಮುಲ್ಕಿ ಮತ್ತು ಗೈರ್‌ಮುಲ್ಕಿ

ತಾಲೂಕು ಕಚೇರಿಯ ಕುರ್ಚಿಗೆ ನಾಡಿನವರನ್ನೇ ಬೆಳೆಸಬೇಕೋ, ಹೊರಗಿನವರನ್ನು ಕರೆಸಬೇಕೋ? ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಗೆ ಈ ಪ್ರಶ್ನೆ ನಿಜಾಮರ ಕಾಲದ್ದು.

1865ರಲ್ಲಿ ದಿವಾನ ಒಂದನೇ ಸಾಲಾರ್ ಜಂಗ್ ಜಿಲ್ಲಾಬಂದಿ ಜಾರಿಗೆ ತಂದಾಗ ತಾಲೂಕುದಾರ, ತಹಶೀಲ್ದಾರ ಹುದ್ದೆಗಳಿಗೆ ಕಾನೂನು, ಕಂದಾಯ ಬಲ್ಲವರು ಬೇಕಾದರು. ಉತ್ತರ ಹಿಂದೂಸ್ತಾನದಿಂದ ಮೊಹ್ಸಿನುಲ್ ಮುಲ್ಕ್, ವಿಕಾರುಲ್ ಮುಲ್ಕ್‌ರಂಥ ಸಮರ್ಥರು ಬಂದರು. 1874ರಲ್ಲಿ ವಾಡಿಯಿಂದ ಹೈದರಾಬಾದಿಗೆ ರೈಲೂ ಓಡಿತು. ಆಡಳಿತ ಸುಧಾರಿಸಿತು. ಆದರೆ ಬಂದವರು ತಮ್ಮವರನ್ನೇ ತುಂಬುತ್ತಾರೆಂಬ ದೂರೂ ಬೆಳೆಯಿತು.

ಈ ದೂರು ಧರ್ಮದ್ದಲ್ಲ ಎಂಬುದನ್ನು ನಾವು ಮರೆಯುತ್ತೇವೆ. ಬಂದವರಲ್ಲೂ ಮುಸ್ಲಿಮರಿದ್ದರು, ದೂರಿದವರಲ್ಲೂ ಇದ್ದರು. 1919ರ ಫರ್ಮಾನು ನೌಕರಿಯಲ್ಲಿ ಮುಲ್ಕಿಗಳಿಗೆ, ಅಂದರೆ ನಾಡಿನವರಿಗೆ, ಆದ್ಯತೆ ಕೊಟ್ಟಿತು. 15 ವರ್ಷ ನೆಲೆಸಿದವರೂ ಮುಲ್ಕಿಯಾಗಬಹುದಿತ್ತು. ಅವರನ್ನು ಸಜ್ಜುಗೊಳಿಸಲು 1918ರ ಉಸ್ಮಾನಿಯಾ ವಿಶ್ವವಿದ್ಯಾಲಯವಿತ್ತು. ಆದರೆ ಅಲ್ಲಿನ ಬೋಧನೆ ಉರ್ದುವಿನಲ್ಲಿ; ಕನ್ನಡದ ಹುಡುಗನಿಗೆ ಅದು ಸುಲಭದ ದಾರಿಯಾಗಲಿಲ್ಲ.

1948ರ ನಂತರ ಮತ್ತೆ ಹೊರಗಿನ ಅಧಿಕಾರಿಗಳು ಬಂದರು. 1952ರಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ಮುಲ್ಕಿ ಚಳವಳಿ ಎದ್ದಿತು. 371ಜೆ ವಿಧಿಯಡಿ 2013ರಿಂದ ಈ ಭಾಗದ 'ಬಿ' ದರ್ಜೆಯ ಸರಕಾರಿ ಹುದ್ದೆಗಳಲ್ಲಿ ಶೇ. 75 ಸ್ಥಳೀಯರಿಗೆ ಮೀಸಲು. ಶಹಾಬಾದ್, ವಾಡಿಯ ಖಾಸಗಿ ಕಾರ್ಖಾನೆಗಳಿಗೆ ಇದು ಅನ್ವಯಿಸದು. ಮೀಸಲಾದ ಹುದ್ದೆಗೂ ಓದಿದ ಮಕ್ಕಳು ಬೇಕು. ಅವರನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಓದಿಸಿ ಸಜ್ಜುಗೊಳಿಸುವ ಹೊಣೆ ನಮ್ಮದು.