ಗದ್ದೆಯ ಡೇರೆ, ಕೇಂದ್ರದ ರಂಗ: ಕುಂದಾಪುರ ಸೀಮೆಯ ಬೇಸಿಗೆ ಪ್ರಯೋಗಗಳ ಚರಿತ್ರೆ

ಕನ್ನಡದಲ್ಲಿ ‘ಪ್ರಯೋಗ’ ಎಂಬ ಒಂದೇ ಶಬ್ದಕ್ಕೆ ಎರಡು ದುಡಿಮೆ. ನಾಟಕ ರಂಗವೇರಿದರೂ ಪ್ರಯೋಗ, ಹೊಸದೊಂದನ್ನು ಪರೀಕ್ಷಿಸಿ ನೋಡಿದರೂ ಪ್ರಯೋಗ. ಉಪ್ಪುಂದ, ನಾಗೂರು, ಕಿರಿಮಂಜೇಶ್ವರ, ಬೈಂದೂರಿನ ಕಡೆಯವರು ಈ ಶಬ್ದದ ಗೊಡವೆಗೇ ಹೋದವರಲ್ಲ. ಅವರದು ‘ಆಟ’. ‘ಆಟ ಕಾಂಬುಕೆ ಹೋಯ್ಕ್’ ಎಂದರೆ ಯಾವ ಆಟವೆಂದು ಇಲ್ಲಿ ಯಾರೂ ಕೇಳುವುದಿಲ್ಲ. ಯಕ್ಷಗಾನದ ಪ್ರಯೋಗಗಳ ಚರಿತ್ರೆ ಬರೆದವರು ಹೆಚ್ಚಾಗಿ ಉಡುಪಿಯ ಸಭಾಂಗಣಗಳ ಕಡೆಗೆ ನೋಡಿದ್ದಾರೆ. ಕೊಯ್ಲು ಮುಗಿದ ಗದ್ದೆಯ ಡೇರೆಯೊಳಗೆ, ಟಿಕೇಟು ಕೊಂಡು ಬಂದವರ ಮುಂದೆ ನಡೆದ ಪ್ರಯೋಗಗಳಿಗೂ ಅಷ್ಟೇ ತೂಕವಿದೆ ಎಂಬುದು ಈ ಲೇಖನದ ವಾದ.

ಈ ಕಲೆಯ ಪಂಚಾಂಗವನ್ನು ಬರೆದದ್ದು ಮಳೆ. ಕಾರ್ತಿಕದ ಹೊತ್ತಿಗೆ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಮೇ ತಿಂಗಳ ಕೊನೆಗೆ, ಮುಂಗಾರಿನ ಮೋಡ ಕಾಣುವಾಗ ಗೆಜ್ಜೆ ಬಿಚ್ಚುತ್ತವೆ. ಮಳೆಗಾಲದಲ್ಲಿ ಆಟ ಮನೆಯ ಚಾವಡಿಗೆ ಸರಿದು ತಾಳಮದ್ದಲೆಯಾಗುತ್ತದೆ: ವೇಷವಿಲ್ಲ, ಕುಣಿತವಿಲ್ಲ, ಹಾಡು ಮತ್ತು ಮಾತು ಮಾತ್ರ. ನವರಾತ್ರಿಗೆ ಮಕ್ಕಳ ಹೂವಿನಕೋಲು. ಒಂದೇ ಕಲೆ ವರ್ಷದಲ್ಲಿ ಮೂರು ಬಗೆಯ ಮೈ ತಾಳುವ ಊರಿಗೆ ರೂಪ ಬದಲಿಸುವ ವಿದ್ಯೆಯನ್ನು ಹೊರಗಿನವರು ಹೇಳಿಕೊಡಬೇಕಾಗಿರಲಿಲ್ಲ. ಫ್ರಾನ್ಸಿನ ಆವಿನ್ಯೋನಿನಲ್ಲಿ 1947ರಲ್ಲಿ ಜಾನ್ ವಿಲಾರ್ ಹಳೆಯ ಅರಮನೆಯ ಅಂಗಳದಲ್ಲಿ ನಾಟಕವಾಡಿಸಿ ಬೇಸಿಗೆಯ ರಂಗೋತ್ಸವವೊಂದಕ್ಕೆ ನಾಂದಿ ಹಾಡಿದರು. ಬಯಲಿಗೆ ಬರುವುದು ಅಲ್ಲಿ ಹೊಸ ಹೆಜ್ಜೆಯಾಗಿತ್ತು. ನಮ್ಮಲ್ಲಿ ‘ಬಯಲಾಟ’ ಎಂಬ ಹೆಸರಿನಲ್ಲೇ ಬಯಲಿದೆ.

ಲಿಖಿತ ಚರಿತ್ರೆ ಶಿವರಾಮ ಕಾರಂತರಿಂದ ತೊಡಗುತ್ತದೆ, ಅದು ಸರಿಯೇ. 1902ರಲ್ಲಿ ಕೋಟದಲ್ಲಿ ಹುಟ್ಟಿದ ಅವರು ಪುತ್ತೂರಿನ ದಿನಗಳಲ್ಲೇ ಗೀತನಾಟಕಗಳನ್ನು ಬರೆದು ಆಡಿಸಿ, ತಾವೂ ಕುಣಿದವರು. 1957ರಲ್ಲಿ ಬಂದ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆದರೆ ಪುಸ್ತಕ ಬರೆದು ಸುಮ್ಮನೆ ಕೂರುವ ಜಾಯಮಾನ ಅವರದಲ್ಲ. ಅರ್ಥಗಾರಿಕೆಯನ್ನೇ, ಅಂದರೆ ಪಾತ್ರಗಳ ಮಾತನ್ನೇ, ತೆಗೆದುಹಾಕಿದರು. ರಾತ್ರಿಯಿಡೀ ನಡೆಯುವ ಆಟವನ್ನು ಕೆಲವೇ ಗಂಟೆಗಳಿಗೆ ಇಳಿಸಿದರು. ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೋಫೋನ್ ತಂದರು. ಭಾಗವತ ನೀಲಾವರ ರಾಮಕೃಷ್ಣಯ್ಯ, ಮದ್ದಳೆಗಾರ ಹಿರಿಯಡ್ಕ ಗೋಪಾಲರಾಯರಂಥ ಸಂಪ್ರದಾಯ ಬಲ್ಲವರು ಅವರ ಜೊತೆಗಿದ್ದರು. ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ, ಕು.ಶಿ. ಹರಿದಾಸ ಭಟ್ಟರ ಮುತುವರ್ಜಿಯಿಂದ 1970ರ ದಶಕದ ಆರಂಭದಲ್ಲಿ ಉಡುಪಿಯ ಯಕ್ಷಗಾನ ಕೇಂದ್ರ ತಲೆ ಎತ್ತಿದ ಮೇಲೆ ಈ ಕೆಲಸಕ್ಕೊಂದು ನೆಲೆ ಸಿಕ್ಕಿತು. ಅವರ ತಂಡ ‘ಯಕ್ಷರಂಗ’ ಹೊರದೇಶಗಳನ್ನೂ ಕಂಡಿತು.

ಕಾರಂತರ ದಾರಿ ಕಳೆಯುವ ದಾರಿ. ಮಾತು ಹೋದರೆ ಭಾಷೆ ಬಾರದವನೂ ನೋಡಬಲ್ಲ ಎಂಬ ಅವರ ಲೆಕ್ಕ ತಪ್ಪಲ್ಲ. ಆದರೆ ಮಾತಿನ ರುಚಿಗಾಗಿಯೇ ನಿದ್ದೆಗೆಟ್ಟು ಕೂರುವ ಕುಂದಾಪುರದ ಪ್ರೇಕ್ಷಕನಿಗೆ ಅದರಲ್ಲಿ ದೊಡ್ಡದೊಂದು ನಷ್ಟವೂ ಇತ್ತು. ಇದನ್ನು ಕಾರಂತರ ಮೇಲಿನ ಗೌರವ ಕಿಂಚಿತ್ತೂ ಕುಂದದೆ ಹೇಳುತ್ತಿದ್ದೇನೆ.

ಡೇರೆಯ ದಾರಿ ಬೇರೆ. ದೇವಸ್ಥಾನದ ಮೇಳಗಳು ಹರಕೆಯಾಟ ಆಡುತ್ತಿದ್ದರೆ, ಡೇರೆ ಮೇಳಗಳು ಊರಿಂದೂರಿಗೆ ಡೇರೆ ಹೊತ್ತು ಟಿಕೇಟಿನ ಆಟ ತಂದವು. ಹಗಲೆಲ್ಲ ಧ್ವನಿವರ್ಧಕ ಕಟ್ಟಿದ ಕಾರು ಕರಪತ್ರ ಹಂಚುತ್ತ ಹೋಗುತ್ತಿತ್ತು. ಹರಕೆಯಾಟಕ್ಕೆ ಜನ ಎಷ್ಟು ಬಂದರೂ ಸೇವೆ ಸಂದಂತೆ. ಡೇರೆ ತುಂಬದಿದ್ದರೆ ಯಜಮಾನ ಮುಳುಗುತ್ತಾನೆ. ಹೀಗಾಗಿ ಪ್ರತಿ ತಿರುಗಾಟಕ್ಕೂ ಹೊಸ ಪ್ರಸಂಗ ಬೇಕಾಯಿತು. ಪುರಾಣ ಬಿಟ್ಟ ಕಾಲ್ಪನಿಕ ಕತೆಗಳು ಬಂದವು, ಸಿನಿಮಾದ ಕತೆಗಳೂ ರಂಗಸ್ಥಳ ಹತ್ತಿದವು. ಪಾತ್ರಗಳು ಬದಲಾದಂತೆ ಕೇದಗೆ ಮುಂದಲೆ, ಮುಂಡಾಸಿನ ಜಾಗಕ್ಕೆ ಬೇರೆ ಉಡುಗೆಗಳು ಬಂದವು. ವಿದ್ವಾಂಸರು ಸಿಟ್ಟಾದರು. ಆ ಸಿಟ್ಟಿನಲ್ಲಿ ನಿಜವಿತ್ತು. ಎಷ್ಟೋ ಪ್ರಸಂಗಗಳು ಒಂದು ತಿರುಗಾಟ ದಾಟಲಿಲ್ಲ. ಆದರೆ ಸೋಲಲು ಅವಕಾಶವಿಲ್ಲದ ಕಡೆ ಪ್ರಯೋಗವೂ ಹುಟ್ಟುವುದಿಲ್ಲ.

ಗೆದ್ದ ಪ್ರಯೋಗಗಳಲ್ಲಿ ಮೊದಲ ಹೆಸರು ಗುಂಡ್ಮಿ ಕಾಳಿಂಗ ನಾವಡರದು. 1958ರಲ್ಲಿ ಹುಟ್ಟಿದ ನಾವಡರಿಗೆ ತಂದೆಯೂ ಭಾಗವತರು, ಗುರು ನಾರ್ಣಪ್ಪ ಉಪ್ಪೂರರು. ಸಂಪ್ರದಾಯದ ಬಿಗಿ ಅವರಿಗೆ ಮನೆಯಲ್ಲೂ ಗುರುವಿನಲ್ಲೂ ಸಿಕ್ಕಿತ್ತು. ಸಾಲಿಗ್ರಾಮ ಮೇಳದ ಡೇರೆಯಲ್ಲಿ ಅವರು ಪದ್ಯವನ್ನು ನಿಧಾನಿಸಿದರು, ಆಲಾಪನೆಗೆ ಎಡೆಮಾಡಿದರು, ಯಕ್ಷಗಾನಕ್ಕೆ ಹೊಸತಾದ ರಾಗಗಳನ್ನು ತಂದರು. ತಾವೇ ‘ನಾಗಶ್ರೀ’ ಎಂಬ ಪ್ರಸಂಗ ಬರೆದರು. ಅದು ಡೇರೆಗಳನ್ನು ತುಂಬಿಸಿತು. ವೇಷಧಾರಿಯ ಹೆಸರು ಕೇಳಿ ಆಟಕ್ಕೆ ಹೋಗುತ್ತಿದ್ದವರು ಭಾಗವತನ ಹೆಸರು ಕೇಳಿ ಹೋಗತೊಡಗಿದರು.

ಇದು ಒಬ್ಬರ ಕಂಠಸಿರಿಯ ಪವಾಡ ಮಾತ್ರವೆಂದು ನನಗನಿಸುವುದಿಲ್ಲ. ಧ್ವನಿವರ್ಧಕ ಇಲ್ಲದ ಕಾಲದಲ್ಲಿ ಭಾಗವತ ಏರುಶ್ರುತಿಯಲ್ಲಿ ಹಾಡಲೇಬೇಕಿತ್ತು. ಚಂಡೆಯ ಅಬ್ಬರ ದಾಟಿ, ಗದ್ದೆಯ ಅಂಚಿನಲ್ಲಿ ಚಾಪೆ ಹಾಸಿದವನಿಗೂ ಪದ್ಯ ಮುಟ್ಟಬೇಕಿತ್ತು. ಮೈಕು ಬಂದ ಮೇಲೆ ಮೆಲುದನಿಗೂ ರಂಗದಲ್ಲಿ ಬೆಲೆ ಬಂತು. ಕರುಣರಸವನ್ನು ಕೂಗದೆ ಹಾಡಬಹುದೆಂದಾಯಿತು. ನಾವಡರು ಕೈಗೆ ಸಿಕ್ಕ ಆ ಉಪಕರಣದ ಗುಣವನ್ನು ಅರಿತು ಹಾಡಿದರು. ಪಿಟೀಲು ಸೇರಿಸಿದ್ದು ಪ್ರಯೋಗವಾದರೆ ಇದೂ ಪ್ರಯೋಗ, ಬಹುಶಃ ಹೆಚ್ಚು ಆಳಕ್ಕಿಳಿದದ್ದು: ಈ ಸೀಮೆಯ ಶೈಲಿಯಾದ ಬಡಗುತಿಟ್ಟಿನ ಇಂದಿನ ಯುವ ಭಾಗವತರ ಹಾಡಿಕೆಯಲ್ಲಿ ಅದರ ಗುರುತು ಕೇಳಿಸುತ್ತದೆ.

ಸಾಲಿಗ್ರಾಮದಲ್ಲೇ ಇನ್ನೊಂದು ಪ್ರಯತ್ನ ತದ್ವಿರುದ್ಧ ದಿಕ್ಕಿಗೆ ಹೊರಟಿತು. ಕಾರ್ಕಡ ಶ್ರೀನಿವಾಸ ಉಡುಪರೂ ಎಚ್. ಶ್ರೀಧರ ಹಂದೆಯವರೂ 1975ರಲ್ಲಿ ಕಟ್ಟಿದ ಸಾಲಿಗ್ರಾಮ ಮಕ್ಕಳ ಮೇಳ, ದೊಡ್ಡವರ ರಂಗದಲ್ಲಿ ಸವೆಯುತ್ತಿದ್ದ ಹಳೆಯ ಕ್ರಮಗಳನ್ನು ಮಕ್ಕಳ ಮೈಗೆ ಕಲಿಸಿತು. ದೊಡ್ಡವರು ಹೊಸದನ್ನು ಹುಡುಕುತ್ತಿದ್ದ ಹೊತ್ತಿಗೆ ಎಳೆಯರು ಹಳೆಯದನ್ನು ಹೊತ್ತು ಕುಣಿದರು.

ಈಗ ಬೆಳಗಿನವರೆಗಿನ ಆಟದ ಜಾಗವನ್ನು ಕಾಲಮಿತಿ ಪ್ರದರ್ಶನ ಬೇಗಬೇಗನೆ ಹಿಡಿಯುತ್ತಿದೆ. ಕಾರಂತರು ಕಲೆಗಾಗಿ ಕತ್ತರಿಸಿದ ರಾತ್ರಿಯನ್ನು ಇಂದು ಮರುದಿನದ ಕೆಲಸ, ಧ್ವನಿವರ್ಧಕದ ನಿಯಮ ಕತ್ತರಿಸುತ್ತಿವೆ. ಡೇರೆ ಮೇಳಗಳು ಸಾಲಿಗ್ರಾಮ, ಪೆರ್ಡೂರಿನಂಥ ಕೆಲವಕ್ಕೆ ಇಳಿದಿವೆ. ಕೇಂದ್ರದ ಪ್ರಯೋಗಗಳಿಗೆ ಪುಸ್ತಕಗಳ ಆಧಾರವಿದೆ. ಡೇರೆಯ ಪ್ರಯೋಗಗಳಿಗೆ ಇರುವ ಆಧಾರ ಹಂಚಿದ ಮರುದಿನವೇ ಪೊಟ್ಟಣ ಕಟ್ಟಲು ಹೋಗುತ್ತಿದ್ದ ಕರಪತ್ರ, ಮತ್ತು ಧ್ವನಿಸುರುಳಿ. ನಾವಡರು 1990ರ ಮೇ ತಿಂಗಳಲ್ಲಿ, ತಿರುಗಾಟ ಮುಗಿಯುವ ಹೊತ್ತಿನಲ್ಲೇ, ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಈ ಕರಾವಳಿಯ ಎಷ್ಟೋ ಮನೆಗಳಲ್ಲಿ ಅವರ ಪದ್ಯದ ಕ್ಯಾಸೆಟ್ಟುಗಳನ್ನು ಕಪಾಟಿನಲ್ಲಿ ಜೋಪಾನ ಮಾಡಿದ್ದಾರೆ. ಆ ಟೇಪುಗಳು ಮಳೆಗಾಲದ ತೇವಕ್ಕೆ ಒಂದೊಂದಾಗಿ ಅಂಟಿಕೊಳ್ಳುತ್ತಿವೆ.